ಇನ್ನೂ ಬಾರದ ಸ್ಟೇಷನ್ನಿನ ಎದುರು

ಮಕ್ಕಳೇ, ರಜೆಗೆ ಬಂದಾಗಲೆಲ್ಲ ನೀವು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತೀರಿ. "ಆಜೀ, ಆಜೋಬಾ ಗೇಲ್ಯಾವರ ತೂ ಗಾವಾಲಾ ಕಾ ನಾಹೀ ಗೇಲೀಸ?" ಅಜ್ಜ ಹೋದ ಮೇಲೆ ನಾನೇಕೆ ಊರಿಗೆ ಹೋಗಲಿಲ್ಲ ಎಂದು. ನಾನು ಪ್ರತಿ ಸಲ ಏನೋ ಒಂದು ಹೇಳಿ ಎದ್ದು ಒಳಗೆ ಹೋಗುತ್ತೇನೆ. ಉತ್ತರ ಮುಚ್ಚಿಡಬೇಕು ಅಂತಲ್ಲ, ಅದು ನನಗೇ ಸರಿಯಾಗಿ ಗೊತ್ತಿಲ್ಲ. ಆದರೆ ಅದು ಯಾವ ದಿನ ತೀರ್ಮಾನವಾಯಿತು ಎಂಬುದು ಗೊತ್ತಿದೆ. ಆ ದಿನ ಏನೇನಾಯಿತು ಎಂದು ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನೀವು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವರು, ನಿಧಾನವಾಗಿ ಓದಿ. ಅವಸರವೇನೂ ಇಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಡೊಂಬಿವಲಿಯ ಪೂರ್ವಕ್ಕೆ ಒಂದು ಚಾಳಿನಲ್ಲಿದ್ದೆವು. ನಿಮ್ಮ ಅಜ್ಜ ತೀರಿಕೊಂಡು ಒಂದು ಮಳೆಗಾಲ ಕಳೆದು ಇನ್ನೊಂದು ನಡೆದಿತ್ತು. ನಿಮ್ಮ ಅಮ್ಮ ಆಗ ಚಿಕ್ಕ ಶಾಲೆಗೆ ಹೋಗುವ ಹುಡುಗಿ, ಎರಡು ಜಡೆ. ನಾನು ನಾಲ್ಕು ಮನೆಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆ. ಅದರಲ್ಲಿ ಹೇಗೋ ನಡೆಯುತ್ತಿತ್ತು, ಆದರೆ ಹೀಗೆಯೇ ನಡೆಯುತ್ತದೆ ಎನ್ನುವ ಧೈರ್ಯ ಇರಲಿಲ್ಲ. ನನ್ನ ಅಣ್ಣ ಊರಿನಿಂದ ಹೇಳಿ ಕಳಿಸಿದ್ದ, ಬರುವ ಭಾನುವಾರ ಬರುತ್ತೇನೆ, ಗಂಟುಮೂಟೆ ಕಟ್ಟಿಕೊಂಡು ಸಿದ್ಧವಾಗಿರು ಎಂದು. ಅಣ್ಣ ಒಳ್ಳೆಯವನು. ಅತ್ತಿಗೆಯೂ ಕೆಟ್ಟವಳಲ್ಲ. ಅವರ ಅಡುಗೆಮನೆಯ ಒಂದು ಮೂಲೆ ನನಗಾಗಿ ಕಾದಿತ್ತು. ಹೋಗುವುದೋ ಬಿಡುವುದೋ? ಯಾರಾದರೂ ಕೇಳಿದರೆ "ನೋಡೋಣು" ಎನ್ನುತ್ತಿದ್ದೆ. ಎಲ್ಲದಕ್ಕೂ ನಾನು ಹಾಗೆಯೇ ಅನ್ನುತ್ತಿದ್ದೆ.

ನನಗೊಬ್ಬ ಗೆಳತಿ ಇದ್ದಳು. ಉಡುಪಿ ಕಡೆಯವಳು. ಅವಳ ಗಂಡನದು ಸ್ಟೇಷನ್ ರೋಡಿನಲ್ಲಿ ಇಡ್ಲಿ ದೋಸೆಯ ಹೋಟೆಲು. ಅವರು ನಮ್ಮ ಚಾಳಿನ ಪಕ್ಕದ ಕಟ್ಟಡದಲ್ಲಿದ್ದರು, ಆದರೆ ನೀರು ಬರುತ್ತಿದ್ದದ್ದು ಇಬ್ಬರಿಗೂ ಒಂದೇ ನಳದಲ್ಲಿ. ಆ ನಳದ ಸಾಲಿನಲ್ಲಿ ನಮ್ಮ ಗೆಳೆತನವಾಯಿತು. ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ನಾನು ಅವಳನ್ನು ನಮ್ಮ ರೂಢಿಯಂತೆ ವೈನಿ ಎನ್ನುತ್ತಿದ್ದೆ. "ನಾನು ನಿನ್ನ ಯಾವ ಅಣ್ಣನ ಹೆಂಡತಿ ಮಾರಾಯ್ತಿ?" ಎಂದು ಅವಳು ನಗುತ್ತಿದ್ದಳು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಹಿಂದಿ, ನಳದಲ್ಲಿ ಮರಾಠಿ, ನನ್ನ ಜೊತೆ ಅವಳ ಊರಿನ ಕನ್ನಡ. ಮೊದಮೊದಲು ಆ ಕನ್ನಡ ನನಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು.

ಆ ವಾರ ಅವಳೊಂದು ಸುದ್ದಿ ತಂದಳು. ಮುಂಬಯಿಯ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಅದರ ಆಚೆ ಹೊಸ ಊರು ಕಟ್ಟುತ್ತಿದ್ದಾರಲ್ಲ, ಅಲ್ಲಿ ಬೇಲಾಪುರದಲ್ಲಿ ರೈಲ್ವೆ ಸ್ಟೇಷನ್ ಬರುತ್ತದಂತೆ. ಸ್ಟೇಷನ್ ಬರುವ ಮೊದಲೇ ಎದುರಿಗೆ ಒಂದು ಸಣ್ಣ ಜಾಗ ನೋಡಿಟ್ಟುಕೊಂಡರೆ ಎರಡನೆಯ ಹೋಟೆಲು ಹಾಕಬಹುದು. ಅಲ್ಲಿ ಅವಳದು ಇಡ್ಲಿ, ನನ್ನದು ರೊಟ್ಟಿ.

"ನನ್ನದು?" ಎಂದೆ.

"ಮತ್ತೆ ಯಾರದ್ದು? ನನಗೆ ರೊಟ್ಟಿ ತಟ್ಟಲಿಕ್ಕೆ ಬರ್ತದಾ? ನಾನು ತಟ್ಟಿದರೆ ಅದು ಹಪ್ಪಳ ಆಗ್ತದೆ."

"ಅಣ್ಣ ಬರಾವ ಅದಾನ, ವೈನಿ."

"ಬರಲಿ. ಬಂದವರಿಗೆ ಬೇಡ ಅಂತ ಹೇಳ್ಲಿಕ್ಕಾಗುದಿಲ್ಲ. ಅದಕ್ಕೂ ಮೊದಲು ನೀನು ಜಾಗ ಒಮ್ಮೆ ನೋಡು. ನೋಡಿ, ಮತ್ತೆ ಹೋಗುದಾದರೆ ಹೋಗು. ನಾನೇನು ಕಾಲು ಹಿಡಿಯುದಿಲ್ಲ."

ನಾನು "ನೋಡೋಣು" ಎಂದೆ. ಅವಳು ಅದನ್ನು ಒಪ್ಪಿಗೆ ಎಂದು ತಿಳಿದಳು.

ಹೋಟೆಲಿಗೆ ತರಕಾರಿ, ತೆಂಗಿನಕಾಯಿ ತರುವ ಒಂದು ಹಳೆಯ ವ್ಯಾನು ಇತ್ತು. ಅದನ್ನು ಅವಳೇ ಓಡಿಸುತ್ತಾಳೆ ಎಂದು ತಿಳಿದಾಗ ನನಗೆ ಹತ್ತಲು ಕಾಲು ಬರಲಿಲ್ಲ. ಅವಳ ಅಪ್ಪ ಊರಿನಲ್ಲಿ ಬಸ್ಸು ಇಟ್ಟಿದ್ದವರಂತೆ. ಲಂಗ ಹಾಕುವ ವಯಸ್ಸಿನಲ್ಲೇ ಇವಳು ಬಸ್ಸನ್ನು ತಿರುಗಿಸಿ ಶೆಡ್ಡಿಗೆ ನಿಲ್ಲಿಸುತ್ತಿದ್ದಳಂತೆ. ಡೊಂಬಿವಲಿಯಲ್ಲಿ ಗಂಡ ಅವಳನ್ನು ಓಡಿಸಲು ಬಿಡುತ್ತಿದ್ದದ್ದು ಅಪರೂಪ. ಆ ದಿನ ಅವರು, "ಸಂಜೆ ಮಾರ್ಕೆಟ್ಟಿಗೆ ಗಾಡಿ ಬೇಕು, ಅಷ್ಟರೊಳಗೆ ಬನ್ನಿ. ಬಾರದಿದ್ದರೆ ಬದನೆಕಾಯಿ ತಲೆ ಮೇಲೆ ಹೊತ್ತು ತರ್ತೇನೆ," ಎಂದು ಕೀಲಿ ಕೊಟ್ಟರು. ದಾರಿಯನ್ನೂ ಹೇಳಿದರು, ಆದರೆ ಅವಳು ಕೇಳಿಸಿಕೊಳ್ಳಲಿಲ್ಲ. "ಗೊತ್ತುಂಟು, ಗೊತ್ತುಂಟು" ಎನ್ನುತ್ತ ವ್ಯಾನು ಹೊರಡಿಸಿಯೇ ಬಿಟ್ಟಳು. ನಿಮ್ಮ ಅಮ್ಮನನ್ನು ಶಾಲೆಗೆ ಕಳಿಸಿ, ಮಧ್ಯಾಹ್ನ ಬಂದರೆ ನೋಡಿಕೊಳ್ಳಲು ಪಕ್ಕದ ಖೋಲಿಯ ಅಜ್ಜಿಗೆ ಹೇಳಿ, ನಾನು ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ವ್ಯಾನಿನೊಳಗೆ ಕೊತ್ತಂಬರಿ ವಾಸನೆ. ನನ್ನ ಕಾಲಡಿ ಒಂದು ತೆಂಗಿನಕಾಯಿ ಅತ್ತಿತ್ತ ಉರುಳುತ್ತಿತ್ತು.

ಇಲ್ಲಿ ನಿಮಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಹುಚ್ಚುತನದಂತೆ ಕಾಣುತ್ತದೆ. ನಾವಿಬ್ಬರೂ ಮುಂಬಯಿ ಕಡೆಗೆ ಬಂದು ವರ್ಷಗಳಾಗಿದ್ದರೂ ಊರುಗಳನ್ನೆಲ್ಲ ರೈಲಿನ ಕಿಟಕಿಯಿಂದ ಮಾತ್ರ ನೋಡಿದ್ದೆವು. ದಿವಾ ಎಂದರೆ ಜನ ನೇತಾಡುವ ಬಾಗಿಲು. ಮುಂಬ್ರಾ ಎಂದರೆ ಗುಡ್ಡದ ಮಗ್ಗುಲು. ಕಳವಾ ಎಂದರೆ ಇಳಿಯುವವರು ಎದ್ದು ನಿಲ್ಲುವ ಹೊತ್ತು. ಠಾಣೆ ಎಂದರೆ ಬಹಳ ಗದ್ದಲ. ಒಂದಾದ ಮೇಲೆ ಒಂದು ಬರುವುದು ನಮಗೆ ಬಾಯಿಪಾಠವಾಗಿತ್ತು. ಆದರೆ ಆ ಊರಿಗೆ ರಸ್ತೆಯ ಮೇಲಿಂದ ಹೋದರೆ ಅದು ಹೇಗೆ ಕಾಣುತ್ತದೆ, ಒಂದರಿಂದ ಇನ್ನೊಂದಕ್ಕೆ ಯಾವ ದಿಕ್ಕಿಗೆ ತಿರುಗಬೇಕು, ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಊರು ದಾಟಿ ದೊಡ್ಡ ರಸ್ತೆ ಸಿಕ್ಕಿತು. ಅವಳು ಎಡಕ್ಕೆ ಹೊರಳಿಸಿದಳು. ಯಾಕೆಂದು ನಾನು ಕೇಳಲಿಲ್ಲ. ಶ್ರಾವಣದ ಮೋಡ ಕೆಳಗೆ ಇಳಿದಿತ್ತು. ಎರಡೂ ಕಡೆ ಭತ್ತದ ಗದ್ದೆ, ನೀರು ತುಂಬಿ ನಿಂತಿತ್ತು. ಬಿಳಿ ಕೊಕ್ಕರೆಗಳು. ಅವಳು ಹಾಡು ಗುನುಗುತ್ತಿದ್ದಳು. ಆಮೇಲೆ ರಸ್ತೆ ಏರಿ ಒಂದು ಸೇತುವೆ ಬಂತು. ಕೆಳಗೆ ನೋಡಿದರೆ ಹಳಿಗಳು, ಹಳಿಗಳು, ಬರೀ ಹಳಿಗಳು.

"ವೈನಿ, ಇದು ಕಲ್ಯಾಣ ಅಲ್ಲೇನ?"

ಅವಳು ಸೇತುವೆಯ ಮೇಲೆಯೇ ವ್ಯಾನು ನಿಲ್ಲಿಸಿ ಬಗ್ಗಿ ನೋಡಿದಳು. ಹಿಂದಿನ ಲಾರಿಯವನು ಹಾರ್ನು ಹೊಡೆದ. "ಹೌದು ಮಾರಾಯ್ತಿ, ಕಲ್ಯಾಣ! ಇದು ಎಂತ ಇಲ್ಲಿ ಬಂದದ್ದು?" ಕಲ್ಯಾಣವೇ ಎದ್ದು ನಮ್ಮ ದಾರಿಗೆ ಅಡ್ಡ ಬಂದ ಹಾಗೆ ಅವಳಿಗೆ ಸಿಟ್ಟು ಬಂದಿತ್ತು.

ನಾವು ಹೋಗಬೇಕಾದದ್ದು ದಕ್ಷಿಣಕ್ಕೆ, ಬಂದದ್ದು ಉತ್ತರಕ್ಕೆ. ಇದು ಈಗ ನನಗೆ ನಕ್ಷೆ ನೋಡಿ ಗೊತ್ತು. ಆಗ ಗೊತ್ತಾದದ್ದು ಇಷ್ಟೇ, ಲೇಡಿಸ್ ಡಬ್ಬಿಯಲ್ಲಿ ಅವಳು ಯಾವಾಗಲೂ ಕುಳಿತುಕೊಳ್ಳುವ ಕಿಟಕಿಗೆ ಠಾಣೆ ಎಡಕ್ಕೆ ಬರುತ್ತಿತ್ತಂತೆ. ಬೇಲಾಪುರ ಠಾಣೆಯ ಕಡೆಗೇ ಇದೆ ಎಂದುಕೊಂಡಿದ್ದಳು, ಅದಕ್ಕೇ ಎಡಕ್ಕೆ ಹೊರಳಿಸಿದ್ದು. ಆ ಮಾತು ಆಗ ನನಗೆ ಸರಿಯೆಂದೇ ತೋರಿತು.

ತಿರುಗಿ ಬಂದೆವು. ಬಂದ ಗದ್ದೆಗಳನ್ನೇ ಮತ್ತೆ ನೋಡಿದೆವು. ರಸ್ತೆ ಕವಲೊಡೆಯುವ ಶೀಳ ಫಾಟ್ಯಾದಲ್ಲಿ ಒಬ್ಬ ಚಹಾದವನನ್ನು ಬೇಲಾಪುರಕ್ಕೆ ದಾರಿ ಕೇಳಿದೆವು. ಅವನು ಒಂದು ದಾರಿ ತೋರಿಸಿದ, ಅವನ ಪಕ್ಕದಲ್ಲಿ ಬೀಡಿ ಸೇದುತ್ತಿದ್ದವನು ಇನ್ನೊಂದು ತೋರಿಸಿದ. ಅವರಿಬ್ಬರಿಗೂ ಜಗಳ ಹತ್ತಿತು. ಅವಳು ನನ್ನ ಕಡೆ ತಿರುಗಿ, "ಠಾಣೆಗೆ ಹೋಗುವ. ಠಾಣೆ–ಬೇಲಾಪುರ ರೋಡು ಅಂತ ಹೆಸರೇ ಉಂಟಲ್ಲ, ಅದು ಠಾಣೆಯಲ್ಲೇ ಶುರು ಆಗಬೇಕು, ಸ್ಟೇಷನ್ ಎದುರು," ಎಂದಳು. ಅದೂ ನನಗೆ ಸರಿಯೆಂದೇ ತೋರಿತು. ನನಗೆ ಆ ದಿನ ಯಾರು ಏನು ಹೇಳಿದರೂ ಸರಿಯೆಂದೇ ತೋರುತ್ತಿತ್ತು. ಅಣ್ಣ ಹೇಳುವುದೂ ಸರಿ, ವೈನಿ ಹೇಳುವುದೂ ಸರಿ.

ಮುಂಬ್ರಾದ ಗುಡ್ಡ ಬಂದಾಗ ಅವಳು ವ್ಯಾನು ನಿಧಾನ ಮಾಡಿದಳು. ಫಾಸ್ಟ್ ಲೋಕಲ್ಲಿನಲ್ಲಿ ಆ ಗುಡ್ಡ ಎಂದರೆ ಕತ್ತಲೆ. ಸುರಂಗದೊಳಗೆ ಹೊಕ್ಕು ಹೊರಗೆ ಬರುವವರೆಗೆ ಹೆಂಗಸರೆಲ್ಲ ಪರ್ಸು ಒತ್ತಿ ಹಿಡಿದು ಕೂರುತ್ತಾರೆ. ಅದೇ ಗುಡ್ಡ ಹೊರಗಿನಿಂದ ಹಸಿರು ಕಂಬಳಿ ಹೊದ್ದು ನಿಂತಿತ್ತು. ಮೈತುಂಬ ಬಿಳಿ ಎಳೆಗಳಂತೆ ನೀರು ಇಳಿಯುತ್ತಿತ್ತು. ಹುಡುಗರು ಅಂಗಿ ಬಿಚ್ಚಿ ನೀರಿನ ಕೆಳಗೆ ನಿಂತು ಕೂಗುತ್ತಿದ್ದರು. ತುದಿಯಲ್ಲಿ ದೇವಿಯ ಗುಡಿ, ಚುಕ್ಕೆಯಷ್ಟು. ಇಷ್ಟು ವರ್ಷ ನಾವು ಇದರ ಹೊಟ್ಟೆಯೊಳಗೆ ಹೋಗಿ ಬಂದಿದ್ದೆವು, ಇದರ ಮುಖ ನೋಡಿರಲಿಲ್ಲ. ನಾನು ಕೈ ಮುಗಿದೆ. ದೇವಿಗೋ ಗುಡ್ಡಕ್ಕೋ ಗೊತ್ತಿಲ್ಲ.

"ಏನು ಬೇಡಿಕೊಂಡೆ?" ಎಂದಳು.

"ಏನಿಲ್ಲ. ಏನು ಬೇಡಬೇಕು ತಿಳೀವಲ್ದು."

"ಒಳ್ಳೆ ದಾರಿ ತೋರಿಸು ಅಂತ ಕೇಳು. ಪೆಟ್ರೋಲು ಕಮ್ಮಿ ಉಂಟು."

ಕಳವಾ ದಾಟಿ, ಖಾಡಿಯ ಮೇಲಿನ ಹಳೆಯ ಸೇತುವೆ ದಾಟಿ, ಠಾಣೆಗೆ ಬಂದೆವು. ಸ್ಟೇಷನ್ ಎದುರು ಎಲ್ಲ ಇತ್ತು, ಬಸ್ಸು, ಕುದುರೆ ಗಾಡಿ, ಹೂವಿನವರು, ಬಾಳೆಹಣ್ಣು. ಬೇಲಾಪುರದ ರಸ್ತೆ ಮಾತ್ರ ಇರಲಿಲ್ಲ. ಎರಡು ಸುತ್ತು ಹಾಕಿ ಒಂದು ಕೆರೆಯ ದಂಡೆಗೆ ಬಂದು ನಿಂತೆವು. ಊರ ನಡುವೆ ಅಷ್ಟು ದೊಡ್ಡ ಕೆರೆ! ನೀರಿನ ಮೇಲೆ ಮಳೆ ಹನಿ ಬೀಳುತ್ತಿತ್ತು. ಅವಳು ಟ್ರಾಫಿಕ್ ಪೊಲೀಸನನ್ನು ಕೇಳಿದಳು. ಅವನಿಗೆ ಹೆಂಗಸು ವ್ಯಾನು ಓಡಿಸುವುದು ನೋಡಿ ಮೊದಲು ನಗು, ಆಮೇಲೆ ಕರುಣೆ.

"ತಾಯಿ, ಆ ರಸ್ತಾ ಕಳವಾದ ಹತ್ತಿರಾನೇ ಇತ್ತಲ್ಲ. ಬಿಟ್ಟು ಬಂದಿದ್ದೀರಿ. ಸೇತುವೆ ದಾಟಬಾರದಿತ್ತು," ಎಂದು ಮರಾಠಿಯಲ್ಲಿ ಹೇಳಿದ.

"ಹಾಗಾದ್ರೆ ಅದಕ್ಕೆ ಠಾಣೆ ಅಂತ ಹೆಸರು ಯಾಕೆ ಇಟ್ಟದ್ದು?" ಎಂದು ಅವಳು ಅವನನ್ನೇ ದಬಾಯಿಸಿದಳು.

"ನಾನು ಇಟ್ಟಿಲ್ಲ ಬಾಯೀ," ಎಂದ ಅವನು.

ಮತ್ತೆ ಸೇತುವೆ. ಈ ಸಲ ಖಾಡಿಯಲ್ಲಿ ನೀರು ಇಳಿದು ಕೆಸರು ಕಾಣುತ್ತಿತ್ತು, ಕೆಸರಿನಲ್ಲಿ ಬೇರು ಎತ್ತಿ ನಿಂತ ಗಿಡಗಳು. ವಿಟಾವಾ ಎಂಬಲ್ಲಿ ರಸ್ತೆ ರೈಲಿನ ಹಳಿಯ ಕೆಳಗೆ ನುಸುಳಿ ಆಚೆ ಹೋಯಿತು. ತಲೆಯ ಮೇಲೆ ಒಂದು ಲೋಕಲ್ ಗಡಗಡ ಎಂದು ಓಡಿತು. ಅದೇ ಕೊನೆ. ಅಲ್ಲಿಂದ ಮುಂದೆ ರೈಲೂ ಇಲ್ಲ, ಹಳಿಯೂ ಇಲ್ಲ, ಸದ್ದೂ ಇಲ್ಲ. ಎಡಕ್ಕೆ ಗುಡ್ಡದ ಸಾಲು, ನಡುನಡುವೆ ಕಲ್ಲು ಒಡೆದು ಗಾಯವಾದ ಹಾಗೆ. ಬಲಕ್ಕೆ ದೂರದಲ್ಲಿ ಖಾಡಿ. ನಡುವೆ ಕಾರ್ಖಾನೆಗಳು, ಹಳದಿ ಹೊಗೆ, ಮೂಗು ಮುಚ್ಚುವ ವಾಸನೆ. ಅವಳು ಹಾಡು ನಿಲ್ಲಿಸಿದ್ದಳು.

"ಹಳಿ ಕಾಣದಿದ್ದರೆ ನನಗೆ ಎಂತದೋ ಆಗ್ತದೆ," ಎಂದಳು. "ಸಮುದ್ರದ ಮಧ್ಯೆ ಬಿಟ್ಟ ಹಾಗೆ."

ನನಗೂ ಹಾಗೆಯೇ ಆಗುತ್ತಿತ್ತು. ಡೊಂಬಿವಲಿಯಲ್ಲಿ ಅಡುಗೆ ಮಾಡುವಾಗಲೂ ಬೆಳಿಗ್ಗೆ ಯಾವ ಗಾಡಿ ಹೋಯಿತು ಎಂದು ಕಿವಿ ಹೇಳುತ್ತಿತ್ತು. ನಿಮ್ಮ ಅಜ್ಜ ಕೆಲಸಕ್ಕೆ ಹೋಗುವ ಲೋಕಲ್ ಗಾಡಿಯ ಸದ್ದು ಕೇಳಿದ ಮೇಲೆ ನಾನು ಕೊನೆಯ ರೊಟ್ಟಿ ನನಗಾಗಿ ಬಡಿಯುತ್ತಿದ್ದೆ. ಅವರು ಹೋದ ಮೇಲೂ ಆ ಗಾಡಿ ಬರುತ್ತಿತ್ತು, ನಾನೂ ಬಡಿಯುತ್ತಿದ್ದೆ. ಊರಿಗೆ ಹೋದರೆ ಆ ಸದ್ದು ಇರುವುದಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಆ ರಸ್ತೆಯುದ್ದಕ್ಕೂ ಯೋಚಿಸಿದೆ. ತಿಳಿಯಲಿಲ್ಲ.

ಬೇಲಾಪುರ ಬಂದಾಗ ಬಂತೆಂದು ತಿಳಿಯಲಿಲ್ಲ. ಅಗಲವಾದ ರಸ್ತೆಗಳು, ಮೇಲೆ ಒಂದೂ ವಾಹನವಿಲ್ಲ. ಹೊಸದಾಗಿ ನೆಟ್ಟ ಗಿಡಗಳು. ಅಲ್ಲೊಂದು ಇಲ್ಲೊಂದು ಸರಕಾರಿ ಕಟ್ಟಡ, ಒಂದೇ ಅಚ್ಚಿನ ಮನೆಗಳ ಸಾಲು, ನಂಬರು ಬರೆದ ಕಂಬಗಳು. ಒಬ್ಬ ಆಫೀಸಿನ ಮನುಷ್ಯ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದ. ಅವಳು ಕತ್ತು ಹೊರಗೆ ಹಾಕಿ, "ಭಾಯಿಸಾಬ್, ಸ್ಟೇಷನ್ ಕಹಾಂ?" ಎಂದಳು.

ಅವನು, "ಕೌನಸಾ ಸ್ಟೇಷನ್?" ಎಂದ. ಆಮೇಲೆ ನಗುತ್ತ, ಕುರ್ಲಾವೋ ಠಾಣೆಯೋ ಬೇಕಾದರೆ ಬಸ್ಸು ಇದೆ ಎಂದ.

"ಇಲ್ಲ, ಇಲ್ಲಿಯದು. ಬರಲಿಕ್ಕಿರುವುದು."

ಅವನು ಕೊಡೆಯನ್ನು ಎತ್ತಿ ಗುಡ್ಡದ ಕೆಳಗಿನ ಬಯಲನ್ನು ತೋರಿಸಿದ. ಅಲ್ಲಿ ಹೋಗಿ ನೋಡಿದರೆ ಒಂದು ಫಲಕ ಇತ್ತು, ಮರಾಠಿಯಲ್ಲಿ, ಯೋಜಿಸಿದ ರೈಲ್ವೆ ಸ್ಥಳ ಎಂದು. ಫಲಕದ ಸುತ್ತ ಮೊಣಕಾಲೆತ್ತರ ಹುಲ್ಲು. ಒಂದು ಎಮ್ಮೆ ಫಲಕದ ಕಂಬಕ್ಕೆ ಮೈ ಉಜ್ಜುತ್ತಿತ್ತು. ಇಷ್ಟೇ ಸ್ಟೇಷನ್.

ಅವಳು ಇಳಿದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ನನಗೆ ನಗು ಬಂದಿತ್ತು, ಅವಳಿಗೆ ಬಂದಿರಲಿಲ್ಲ. ಹೋಟೆಲಿನವರಿಗೆ ಸ್ಟೇಷನ್ ಎದುರು ಎಂದರೆ ಸುಮ್ಮನೆ ಎದುರಲ್ಲ. ಯಾವ ಮಗ್ಗುಲಿಗೆ ಜನ ಇಳಿಯುತ್ತಾರೋ ಆ ಮಗ್ಗುಲು. ಅವಳ ಮಾವ ಕಲಿಸಿದ ಲೆಕ್ಕವಂತೆ. ಬೆಳಿಗ್ಗೆ ಕೆಲಸಕ್ಕೆ ಓಡುವವರು ನಿಲ್ಲುವುದಿಲ್ಲ, ಸಂಜೆ ಇಳಿದು ಮನೆಗೆ ಹೋಗುವವರು ನಿಂತು ತಿನ್ನುತ್ತಾರೆ, ಅದಕ್ಕೇ ಅವರ ಹೋಟೆಲು ಡೊಂಬಿವಲಿಯಲ್ಲಿ ಮನೆಗಳಿರುವ ಕಡೆ ಇದೆ.

"ಆದ್ರೆ ಇಲ್ಲಿ ಆಫೀಸುಗಳು," ಎಂದು ಅವಳು ಎಮ್ಮೆಗೋ ನನಗೋ ಹೇಳಿದಳು. "ಅಂದ್ರೆ ಇಲ್ಲಿಗೆ ಜನ ಬೆಳಿಗ್ಗೆ ಬಂದು ಇಳೀತಾರೆ. ಸಂಜೆ ಹೋಗ್ತಾರೆ. ಆಗ ಯಾವಾಗ ತಿನ್ನುದು? ಮಧ್ಯಾಹ್ನವಾ? ಮನೆಗಳು ಆ ಕಡೆ. ಆಫೀಸು ಈ ಕಡೆ. ಹಳಿ ಹೀಗೆ ಬರ್ತದಾ, ಹಾಗೆ ಬರ್ತದಾ? ಬಾಗಿಲು ಯಾವ ಕಡೆ ಇಡ್ತಾರೆ?" ಅವಳು ಹುಲ್ಲಿನಲ್ಲಿ ಈ ಕಡೆಯಿಂದ ಆ ಕಡೆಗೆ ನಡೆದಳು, ರೈಲಿನಿಂದ ಇಳಿದವಳ ಹಾಗೆ. ತಿರುಗಿ ಬಂದಳು. "ಎಲ್ಲ ಉಲ್ಟಾ ಆಯ್ತಲ್ಲ!"

ಮಳೆ ನಿಂತಿತ್ತು. ಖಾಡಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಸ್ವಲ್ಪ ದೂರದಲ್ಲಿ ಗಟಾರ ಕಟ್ಟುವ ಕೆಲಸ ನಡೆದಿತ್ತು, ಹೆಂಗಸರು ಬುಟ್ಟಿಯಲ್ಲಿ ಜಲ್ಲಿ ಹೊರುತ್ತಿದ್ದರು. ಅವರು ಒಬ್ಬರನ್ನೊಬ್ಬರು ಕರೆಯುವುದು ಕೇಳಿ ತಿರುಗಿ ನೋಡಿದೆ. ನಮ್ಮ ಕಡೆಯ ಮಾತು. ನಾನು ಸಂಕೋಚದವಳು, ಆದರೂ ಹತ್ತಿರ ಹೋಗಿ ನಿಂತೆ.

"ಯಾವ ಊರಿನವರ ಯವ್ವಾ?" ಎಂದು ಅವರಲ್ಲಿ ಹಿರಿಯಳೇ ಮೊದಲು ಕೇಳಿದಳು.

ಹೇಳಿದೆ. ಅವಳದು ನಮ್ಮೂರಿಗೆ ಹತ್ತಿರದ್ದೇ. "ಇಲ್ಲೇನು ಕಳಕೊಂಡೀರಿ? ಆ ಹೆಣಮಗಳು ಹುಲ್ಲಾಗ ಏನು ಹುಡುಕಾಕ ಹತ್ಯಾಳ?"

"ಸ್ಟೇಷನ್."

ಎಲ್ಲರೂ ಬುಟ್ಟಿ ಇಳಿಸಿ ನಕ್ಕರು. "ನಾವು ಬಂದಾಗಿಂದ ಗಟಾರನ ಕಟ್ಟಾಕ ಹತ್ತೀವಿ, ಸ್ಟೇಷನ್ ನೋಡಿಲ್ಲ ಬಿಡ್ರಿ."

ಇಲ್ಲಿ ಹೋಟೆಲು ಹಾಕಿದರೆ ಹೇಗೆ, ಜೋಳದ ರೊಟ್ಟಿ ಮಾಡಿದರೆ ನಡೆಯುತ್ತದೆಯೇ ಎಂದು ಕೇಳಿದೆ. ನಮ್ಮ ಕಡೆಯವರು ಇಷ್ಟು ಜನ ಇದ್ದಾರಲ್ಲ ಎಂದು ನನಗೆ ಆಗಷ್ಟೇ ಸ್ವಲ್ಪ ಆಸೆ ಹುಟ್ಟಿತ್ತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಾವು ರೊಟ್ಟಿ ಕೊಂಡು ತಿನ್ನೂದೇನ? ನಮ್ಮ ಕೈ ಏನು ಸತ್ತಾವ? ಚಹಾ ಮಾಡ್ರಿ ಬೇಕಾರ."

ಹುಟ್ಟಿದ ಆಸೆ ಅಲ್ಲಿಗೇ ಕುಸಿಯಿತು. ಹಾಗಾದರೆ ಅಣ್ಣನ ಜೊತೆ ಹೋಗುವುದೇ ಎಂದುಕೊಂಡೆ. ಅಲ್ಲಿ ಇನ್ನೊಬ್ಬ ಹುಡುಗಿ ಮೂರು ಕಲ್ಲು ಹೂಡಿ ಹಂಚು ಇಟ್ಟಿದ್ದಳು. ಗಾಳಿಗೆ ಉರಿ ಒಂದು ಕಡೆಗೇ ಮಲಗುತ್ತಿತ್ತು, ಹಂಚಿನ ಒಂದು ಅಂಚು ಕೆಂಪು, ಇನ್ನೊಂದು ತಣ್ಣಗೆ. ಅವಳ ರೊಟ್ಟಿ ಅರ್ಧ ಹಸಿ, ಅರ್ಧ ಕರಿ. ನೋಡುತ್ತ ನಿಲ್ಲಲಾಗಲಿಲ್ಲ. "ಆ ಪೈಪಿನ ಮರಿಗೆ ಇಟ್ಟುಕೋ, ತಂಗಿ," ಎಂದೆ. ನಾವಿಬ್ಬರೂ ಕಲ್ಲು ಹೊತ್ತು ದೊಡ್ಡ ಸಿಮೆಂಟ್ ಪೈಪಿನ ಹಿಂದೆ ಇಟ್ಟೆವು, ಗುಡ್ಡದ ಮಗ್ಗುಲಿಗೆ. ಉರಿ ನೆಟ್ಟಗೆ ನಿಂತಿತು. ಒಂದು ರೊಟ್ಟಿ ನಾನೇ ಬಡಿದು ಹಾಕಿದೆ. ಅದು ಪೂರಿಯ ಹಾಗೆ ಉಬ್ಬಿತು. ಹಿರಿಯಳು ನೋಡಿದಳು, ತಗೊಂಡು ತಿಂದಳು.

ನಾವೂ ಪೈಪಿನ ಮೇಲೆ ಕುಳಿತು ಊಟ ಮಾಡಿದೆವು. ವೈನಿ ನನ್ನ ರೊಟ್ಟಿ, ಶೇಂಗಾ ಚಟ್ನಿ ತಿಂದಳು. ನಾನು ಅವಳ ಬಾಳೆಲೆಯ ಇಡ್ಲಿ ತಿಂದೆ. ಅವಳ ಮುಖ ಇಳಿದಿತ್ತು. ಹೊಸ ಹೋಟೆಲಿನ ಆಸೆ ಅವಳಿಗೆ ಎಷ್ಟಿತ್ತು ಎಂದು ಆಗ ನನಗೆ ತಿಳಿಯಿತು. ಅಪ್ಪನ ಬಸ್ಸು ಅಪ್ಪನದು, ಗಂಡನ ಹೋಟೆಲು ಗಂಡನದು. ಇದು ಅವಳದಾಗಬೇಕಿತ್ತು.

"ನನಗೆ ಗೊತ್ತಾಗುದಿಲ್ಲ," ಎಂದಳು. ಅವಳ ಬಾಯಿಂದ ಆ ಮಾತು ಅದುವರೆಗೆ ಕೇಳಿರಲಿಲ್ಲ. "ನೀನು ಹೇಳು. ಯಾವ ಕಡೆ?"

ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ನಮ್ಮ ಮದುವೆಯಲ್ಲಿ ಕೇಳಿರಲಿಲ್ಲ, ಡೊಂಬಿವಲಿಗೆ ಬರುವಾಗ ಕೇಳಿರಲಿಲ್ಲ. ಅಣ್ಣನೂ ಬರುತ್ತೇನೆ ಎಂದು ಹೇಳಿ ಕಳಿಸಿದ್ದ, ಕೇಳಿ ಕಳಿಸಿರಲಿಲ್ಲ. ನಾನು "ನೋಡೋಣು" ಎನ್ನಲು ಬಾಯಿ ತೆರೆದೆ. ಆದರೆ ಕಣ್ಣ ಮುಂದೆ ಆ ಮಲಗಿದ ಉರಿ ಇತ್ತು.

"ಈ ಕಡೆ," ಎಂದು ಗುಡ್ಡದ ಮಗ್ಗುಲು ತೋರಿಸಿದೆ. "ಖಾಡಿ ಕಡೆ ಒಲಿ ನಿಲ್ಲೂದಿಲ್ಲ. ಗಾಳಿಗೆ ಹಂಚು ಕಾಯೂದಿಲ್ಲ. ಇಲ್ಲಿ ಗ್ವಾಡಿ ಎಬ್ಬಿಸಿ, ಒಲಿ ಆ ಮೂಲಿಗೆ ಇಟ್ರ, ಹೊಗಿನೂ ಹೊರಗ ಹೋಗ್ತದ."

"ಜನ ಆ ಕಡೆ ಇಳಿದರೆ?"

"ಇಳಿದವರು ಬರ್ತಾರ. ಹಸಿ ರೊಟ್ಟಿ ತಿನ್ನಾಕ ಯಾರೂ ಬರೂದಿಲ್ಲ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು. "ಒಲೆ ಯಾವ ಮೂಲೆಗೆ ಅಂತ ಹೇಳಿದೆ ನೀನು. ಇನ್ನು ಅಣ್ಣನ ಜೊತೆ ಹೋಗ್ತೇನೆ ಅಂತ ಹೇಳಿದರೆ ಆ ಒಲೆಯ ಮುಂದೆ ಯಾರನ್ನು ಕೂರಿಸುದು? ಎಮ್ಮೆಯನ್ನಾ?"

ನಾನು ಹಾಗೆ ಹೇಳಿಲ್ಲ ಎಂದೆ. ಬರೀ ಗಾಳಿಯ ಮಾತು ಹೇಳಿದೆ ಎಂದೆ. ಅವಳು ಕೇಳಲಿಲ್ಲ. ನನಗೂ ನಾನು ಏನು ಹೇಳಿದೆ ಎಂದು ಗೊತ್ತಾಗಲಿಲ್ಲ. ಹೌದು ಎಂದಿದ್ದೆನೇ? ಹಿಂತಿರುಗುವ ದಾರಿಯುದ್ದಕ್ಕೂ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಕಳವಾ ಹತ್ತಿರ ಅವಳು ಮತ್ತೆ ತಪ್ಪಿ ಸೇತುವೆಯ ಕಡೆ ಹೊರಳಿಸಲು ಹೋದಳು. ನಾನೇ, "ಬ್ಯಾಡ ವೈನಿ, ಗುಡ್ಡ ಬಲಕ್ಕ ಇರ್ಲಿ, ಗುಡ್ಡ ಹಿಡಿದು ಹೋಗೂಣು," ಎಂದೆ. ಅವಳು ಗುಡ್ಡ ಹಿಡಿದು ಹೋದಳು. ಗುಡ್ಡ ಮುಗಿದ ಮೇಲೂ ಅದನ್ನೇ ಹುಡುಕುತ್ತ ಪನವೇಲದ ಕಡೆ ಸ್ವಲ್ಪ ದೂರ ಹೋಗಿ ಮತ್ತೆ ತಿರುಗಿದೆವು ಎನ್ನುವುದನ್ನೂ ಬರೆಯಬೇಕು. ಬದನೆಕಾಯಿಯನ್ನು ಆ ಸಂಜೆ ಅವಳ ಗಂಡ ಕೂಲಿಯವನ ತಲೆಯ ಮೇಲೆ ತಂದರು.

ಆ ಹೋಟೆಲು ಆಗಲೇ ಇಲ್ಲ, ಮಕ್ಕಳೇ. ಸ್ಟೇಷನ್ ಬರಲು ಬಹಳ ವರ್ಷ ಹಿಡಿಯಿತು, ಅಷ್ಟರಲ್ಲಿ ವೈನಿಯ ಗಂಡನಿಗೆ ಹುಷಾರು ತಪ್ಪಿತು, ಆ ಜಾಗದ ಮಾತು ಅಲ್ಲಿಗೇ ನಿಂತಿತು. ಅದರ ಬದಲು ವೈನಿ ಡೊಂಬಿವಲಿಯ ಹೋಟೆಲಿನ ಹಿಂದಿನ ಮೂಲೆಯಲ್ಲಿ ನನಗೊಂದು ಒಲೆ ಹಾಕಿಸಿದಳು. ಗಾಳಿ ಬಾರದ ಕಡೆ. ಮಧ್ಯಾಹ್ನದ ರೊಟ್ಟಿ ಊಟ ಅಲ್ಲಿ ಶುರುವಾಯಿತು. ನಿಮ್ಮ ಅಮ್ಮ ಓದಿದ್ದು, ಮದುವೆಯಾದದ್ದು, ಎಲ್ಲ ಆ ಒಲೆಯಿಂದ. ಮೊನ್ನೆ ನಿಮ್ಮ ಜೊತೆ ಬೇಲಾಪುರದ ಸ್ಟೇಷನ್ನಿನಲ್ಲಿ ಇಳಿದಾಗ ನಾನು ಯಾಕೆ ನಿಂತುಬಿಟ್ಟೆ ಎಂದು ನೀವು ರೇಗಿದಿರಿ. ನಾವು ಪೈಪಿನ ಮೇಲೆ ಕುಳಿತ ಜಾಗ ಎಲ್ಲಿ ಎಂದು ನೋಡುತ್ತಿದ್ದೆ. ಎರಡೂ ಕಡೆ ಬಾಗಿಲುಗಳಿದ್ದವು, ಎರಡೂ ಕಡೆ ಜನ. ನಾನು ತೋರಿಸಿದ್ದು ಯಾವ ಮಗ್ಗುಲೋ ಗುರುತು ಹತ್ತಲಿಲ್ಲ.

ನಾವು ಬೇಲಾಪುರ ನೋಡಿ ಬಂದ ಆ ವಾರದ ಭಾನುವಾರ ಅಣ್ಣ ಬಂದ. ಕೈಕಾಲು ತೊಳೆದು ಚಾಪೆಯ ಮೇಲೆ ಕುಳಿತ. ಖೋಲಿಯನ್ನು ಸುತ್ತ ನೋಡಿದ. ಡಬ್ಬಿಗಳು ಗೂಡಿನಲ್ಲೇ ಇದ್ದವು, ಹಾಸಿಗೆ ಮಡಚಿತ್ತು, ಗಂಟು ಕಟ್ಟಿರಲಿಲ್ಲ.

"ಯಾಕವಾ, ಇನ್ನೂ ಏನೂ ಕಟ್ಟಿಲ್ಲ?"

ನಾನು ರೊಟ್ಟಿ ಬಡಿಯುತ್ತಿದ್ದೆ. ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ.

"ಒಲಿಗೆ ಜಾಗ ನೋಡಿ ಬಂದೀನಿ, ಅಣ್ಣಾ."

"ಎಲ್ಲಿ?"

"ಅಲ್ಲಿ, ಸ್ಟೇಷನ್ ಎದುರಿಗೆ."

"ಯಾವ ಸ್ಟೇಷನ್?"

"ಇನ್ನೂ ಬಂದಿಲ್ಲ."

ಅವನು ಮತ್ತೆ ಗೂಡಿನ ಡಬ್ಬಿಗಳ ಕಡೆ ನೋಡಿದ. ನಿಮ್ಮ ಅಮ್ಮ ಅವನ ತೊಡೆಯ ಮೇಲೆ ಕುಳಿತು ಮರಾಠಿ ಪದ್ಯ ಹೇಳುತ್ತಿದ್ದಳು, ಅವನಿಗೆ ಒಂದಕ್ಷರ ತಿಳಿಯದಿದ್ದರೂ ತಲೆ ಆಡಿಸುತ್ತಿದ್ದ. ಹೊರಗೆ ಒಂದು ಲೋಕಲ್ ಹೋಯಿತು. ನಾನು ಹಂಚಿನಿಂದ ರೊಟ್ಟಿ ತೆಗೆದು ಅವನ ತಾಟಿಗೆ ಹಾಕಿದೆ.

"ಬಿಸಿ ಅದ," ಎಂದೆ. "ತಿನ್ನು."